ಅರಳುಮರಳೂ ಸನ್ನಿಯೂ: ವಾರ್ಧಕ್ಯದ ಹಠಾತ್ ಬುದ್ಧಿಭ್ರಮೆಯ ವಿಚಾರ

೧

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ವಯಸ್ಸಾದವರು ಹೇಳಿದ್ದನ್ನೇ ಮತ್ತೆ ಹೇಳಿದಾಗ, ಇಟ್ಟ ವಸ್ತುವನ್ನು ಮರೆತಾಗ, ಮೊಮ್ಮಗನನ್ನು ಮಗನ ಹೆಸರಿನಿಂದ ಕರೆದಾಗ ಈ ಗಾದೆ ಮನೆಮಂದಿಯ ಬಾಯಿಗೆ ತಾನಾಗಿಯೇ ಬರುತ್ತದೆ. ಅದರಲ್ಲಿ ತುಸು ನಗೆಯೂ, ತುಸು ಕನಿಕರವೂ, ಬಹುಮಟ್ಟಿಗೆ ಸಮಾಧಾನವೂ ಇವೆ. ಇದು ವಯೋಧರ್ಮ, ಯಾರೂ ತಪ್ಪಿಸಲಾರದ್ದು, ಇದಕ್ಕಾಗಿ ಗಾಬರಿಪಡಬೇಕಾದುದಿಲ್ಲ ಎಂಬುದೇ ಅದರ ತಾತ್ಪರ್ಯ. ಮೆಲ್ಲಮೆಲ್ಲನೆ ಬರುವ ಮರೆವಿನ ವಿಷಯದಲ್ಲಿ ಈ ಸಮಾಧಾನವು ಒಂದು ಮಟ್ಟಿಗೆ ಸಲ್ಲುತ್ತದೆ. ಆದರೆ ಮೊನ್ನೆಯವರೆಗೂ ಅಡಕೆಯ ಲೆಕ್ಕವನ್ನು ತಪ್ಪದೆ ಒಪ್ಪಿಸುತ್ತಿದ್ದ ಹಿರಿಯರು ಇಂದು ನಡುರಾತ್ರಿಯಲ್ಲಿ ಎದ್ದು, ಎಂದೋ ಮಾರಿದ ಹಸುವನ್ನು ಕೊಟ್ಟಿಗೆಯಲ್ಲಿ ಹುಡುಕತೊಡಗಿದರೆ, ಆಗಲೂ ಅದೇ ಗಾದೆಯನ್ನು ಹೇಳಿ ಸುಮ್ಮನಿರುವುದು ಪ್ರಾಣಾಪಾಯಕ್ಕೆ ಎಡೆಗೊಡುವುದುಂಟು. ಮೊದಲನೆಯದು ವರ್ಷಗಳ ಕೆಲಸ. ಎರಡನೆಯದು ಗಂಟೆಗಳ ಅಥವಾ ದಿನಗಳ ಕೆಲಸ. ಮೊದಲನೆಯದನ್ನು ಹಿಂದಿರುಗಿಸುವುದು ಬಹುಮಟ್ಟಿಗೆ ಅಸಾಧ್ಯ; ಎರಡನೆಯದಕ್ಕೆ ಕಾರಣವನ್ನು ಹುಡುಕಿ ಚಿಕಿತ್ಸೆ ನಡೆಸಿದರೆ ಅನೇಕವೇಳೆ ಬುದ್ಧಿಯು ಮೊದಲಿನ ಸ್ಥಿತಿಗೆ ಮರಳುತ್ತದೆ. ಈ ಎರಡಕ್ಕೂ ಕನ್ನಡದಲ್ಲಿ ಬೇರೆ ಬೇರೆ ಮಾತುಗಳು ಹಿಂದಿನಿಂದಲೂ ಇದ್ದುವೆಂಬುದನ್ನೂ, ಅವುಗಳ ಭೇದವು ಮಸುಕಾದುದರಿಂದ ಆಗುತ್ತಿರುವ ಹಾನಿಯನ್ನೂ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ವಿಚಾರವು ಎಲ್ಲ ಊರುಗಳಿಗೂ ಸಾಮಾನ್ಯವಾದರೂ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಮಲೆನಾಡಿನ ಮೂರು ತಾಲ್ಲೂಕುಗಳಲ್ಲಿ ಅದಕ್ಕೆ ವಿಶೇಷವಾದ ತೀಕ್ಷ್ಣತೆಯಿದೆ. ತುಂಗೆಯು ಶೃಂಗೇರಿಯನ್ನು ಹಾದು ಕೊಪ್ಪ ತಾಲ್ಲೂಕಿನ ಹರಿಹರಪುರದ ಕಡೆಗೆ ಹರಿಯುತ್ತದೆ; ಭದ್ರಾ ಜಲಾಶಯದ ಹಿನ್ನೀರು ನರಸಿಂಹರಾಜಪುರದ ಸೀಮೆಯನ್ನು ಮುಟ್ಟುತ್ತದೆ. ಈ ನಾಡಿನ ಮನೆಗಳು ಬಯಲುಸೀಮೆಯ ಊರುಗಳಂತೆ ಒತ್ತೊತ್ತಾಗಿ ನಿಂತವಲ್ಲ. ತೋಟಕ್ಕೊಂದು, ಗದ್ದೆಯ ಕೋಗಿಗೊಂದು ಎಂಬಂತೆ ಒಂಟಿಮನೆಗಳೇ ಹೆಚ್ಚು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ೧೯೦೪ರಲ್ಲಿ ಜನಿಸಿದ ಕುವೆಂಪುರವರ ಕಾದಂಬರಿಗಳನ್ನು ಬಲ್ಲ ವಾಚಕರಿಗೆ ಈ ಭೂರಚನೆಯನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆ ಕಾದಂಬರಿಗಳ ಮನೆಗಳಲ್ಲಿ ಜನ ತುಂಬಿರುತ್ತಿದ್ದರು. ಇಂದಿನ ಮನೆಗಳಲ್ಲಿ ಅನೇಕವೇಳೆ ಇಬ್ಬರು ವೃದ್ಧರು, ಅಥವಾ ಒಬ್ಬರೇ ಒಬ್ಬರು. ಮಕ್ಕಳು ಬೆಂಗಳೂರಿನಲ್ಲಿಯೋ ಸಮುದ್ರದಾಚೆಯೋ ಇದ್ದಾರೆ. ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ತು ಹೋದರೆ, ಅದರ ಹಿಂದೆಯೇ ದೂರವಾಣಿಯೂ ಮೌನವಾಗುವುದುಂಟು. ಹೀಗಿರುವಲ್ಲಿ ಹಿರಿಯರ ಬುದ್ಧಿಯು ಹಠಾತ್ತನೆ ಕದಡಿದಾಗ ಅದನ್ನು ಕಾಣುವವರು ಯಾರು, ಕಂಡವರು ಅದಕ್ಕೆ ಯಾವ ಹೆಸರು ಕೊಡುತ್ತಾರೆ, ಆ ಹೆಸರನ್ನು ಕೇಳಿ ದೂರದ ಮಗನೋ ಮಗಳೋ ಏನು ನಿರ್ಧರಿಸುತ್ತಾರೆ ಎಂಬುದು ಕೇವಲ ಶಬ್ದವಿಚಾರವಾಗಿ ಉಳಿಯುವುದಿಲ್ಲ.

೨

ಮೊದಲು ಶಬ್ದಗಳನ್ನು ನೋಡುವುದು ಯುಕ್ತ. ಅರಳುಮರಳು ಎಂಬ ಜೋಡುನುಡಿಯಲ್ಲಿ ಅರಳುವುದೂ ಇದೆ, ಮರಳುವುದೂ ಇದೆ. ಮರಳು ಎಂಬುದರ ಮೇಲೆ ಭ್ರಾಂತಿ ಎಂಬರ್ಥದ ಮರುಳು ಎಂಬ ಮಾತಿನ ನೆರಳೂ ಬಿದ್ದಿದೆ. ಬೇಂದ್ರೆಯವರು ಈ ನುಡಿಯನ್ನೇ ತಮ್ಮ ಕವನಸಂಗ್ರಹವೊಂದಕ್ಕೆ ಹೆಸರಾಗಿ ಇಟ್ಟರು. ಆ ಕೃತಿಗೆ ೧೯೫೮ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ನುಡಿಯ ಕಾವ್ಯಶಕ್ತಿ ಹೇಗೇ ಇರಲಿ, ಬಳಕೆಯಲ್ಲಿ ಅದು ಸೂಚಿಸುವುದು ವಯಸ್ಸಿನೊಡನೆ ಹೆಜ್ಜೆಹಾಕುವ ನಿಧಾನವಾದ ಮಾರ್ಪಾಟನ್ನು. ಗಾದೆಯಲ್ಲಿ ಅರವತ್ತು ಎಂಬ ಸಂಖ್ಯೆಯಿದೆ, ರೋಗದ ಹೆಸರಿಲ್ಲ. ವಯಸ್ಸೇ ಅಲ್ಲಿ ಕಾರಣ.

ಇದಕ್ಕೆ ಎದುರಾಗಿ ನಿಲ್ಲುವ ಮಾತು ಸನ್ನಿ. ಇದು ಸಂಸ್ಕೃತದ ಸನ್ನಿಪಾತದ ಮೊಟಕಾದ ರೂಪ. ಸನ್ನಿ ಹಿಡಿಯಿತು ಎಂದಾಗ ಕೇಳಿದವರು ಎದ್ದು ನಿಲ್ಲುತ್ತಿದ್ದರು. ಬಾಣಂತಿಸನ್ನಿ ಎಂದರೆ ಮನೆಯೆಲ್ಲ ನಡುಗುತ್ತಿತ್ತು. ಆಯುರ್ವೇದದಲ್ಲಿ ಸನ್ನಿಪಾತವೆಂದರೆ ವಾತ, ಪಿತ್ತ, ಕಫಗಳೆಂಬ ಮೂರು ದೋಷಗಳೂ ಒಂದೇ ಕಾಲಕ್ಕೆ ಕೆರಳುವುದು. ಶಬ್ದಶಃ, ಒಟ್ಟಾಗಿ ಬೀಳುವುದು. ಚರಕಸಂಹಿತೆಯು ಸನ್ನಿಪಾತಜ್ವರದ ಲಕ್ಷಣಗಳಲ್ಲಿ ತಂದ್ರಾ, ಮೋಹ, ಪ್ರಲಾಪ, ಭ್ರಮಗಳನ್ನು ಹೇಳುತ್ತದೆ. ವಾಗ್ಭಟನ ಅಷ್ಟಾಂಗಹೃದಯವು ಇವುಗಳೊಡನೆ ಹಗಲಿನ ಗಾಢನಿದ್ರೆಯನ್ನೂ ಇರುಳಿನ ಜಾಗರಣೆಯನ್ನೂ ಸೇರಿಸುತ್ತದೆ. ಹಗಲಿರುಳುಗಳು ಹೀಗೆ ಅದಲುಬದಲಾಗುವುದು ಇಂದಿನ ವೈದ್ಯರೂ ಮುಖ್ಯವೆಂದು ಎಣಿಸುವ ಒಂದು ಚಿಹ್ನೆಯೆಂಬುದು ಗಮನಾರ್ಹ.

ದೇಸಿಯಲ್ಲಿಯೂ ಮಾತುಗಳ ಕೊರತೆಯಿಲ್ಲ. ಜ್ವರದ ತಾಪದಲ್ಲಿ ಸಂಬಂಧವಿಲ್ಲದೆ ಆಡುವ ಮಾತು ಬಡಬಡಿಕೆ. ನಿದ್ದೆಗೂ ಎಚ್ಚರಕ್ಕೂ ನಡುವೆ ಕನಸಿನೊಳಗಿಂದ ಎಂಬಂತೆ ಬರುವ ಮಾತು ಕನವರಿಕೆ. ಮಾತೇ ಇಲ್ಲದೆ, ಕರೆದರೂ ತಡವಾಗಿ ಓಗೊಡುತ್ತ ಕುಳಿತಿರುವುದು ಮಂಕು. ಇವೆಲ್ಲವೂ ಒಂದೇ ಸ್ಥಿತಿಯ ಹಲವು ಮುಖಗಳೆಂಬುದು ಮುಂದೆ ತಿಳಿಯುತ್ತದೆ.

ಇನ್ನೆರಡು ಶಬ್ದಗಳ ಚರಿತ್ರೆ ಇಲ್ಲಿ ಪ್ರಯೋಜನಕರವಾದುದು. ಹಠಾತ್ತಾಗಿ ಬುದ್ಧಿ ಕೆಟ್ಟವರನ್ನು ಕಂಡು ಗಾಳಿ ಸೋಂಕಿತು ಎನ್ನುವ ವಾಡಿಕೆ ಹಳ್ಳಿಗಳಲ್ಲಿ ಹಳೆಯದು. ಸೋಂಕು ಎಂದರೆ ತಾಗುವುದು. ಅಲ್ಲಿ ತಾಗಿದ್ದು ಕಣ್ಣಿಗೆ ಕಾಣದ ಭೂತ. ಇದೇ ಸೋಂಕು ಎಂಬ ಮಾತು ಇಂದು ಆಸ್ಪತ್ರೆಯ ಭಾಷೆಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ತಾಗುವಿಕೆಗೆ ನಿಂತಿದೆ. ವೃದ್ಧರ ಬುದ್ಧಿಭ್ರಮೆಗೆ ಅಂತಹ ಸೋಂಕೇ ಒಂದು ಪ್ರಧಾನ ಕಾರಣವಾಗಿದೆ. ಎರಡನೆಯದು ಉಮ್ಮತ್ತ. ಸಂಸ್ಕೃತದ ಉನ್ಮತ್ತ ಎಂಬುದರ ಈ ತದ್ಭವವು ದತ್ತೂರದ ಗಿಡಕ್ಕೆ ಹೆಸರಾಯಿತು. ಗಿಡವನ್ನು ಹೆಸರಿಸಿದವರು ಅದರ ಬೀಜವು ಮನಸ್ಸಿಗೆ ಮಾಡುವುದನ್ನು ಕಂಡೇ ಹೆಸರಿಸಿದ್ದಾರೆ. ಸ್ಥಾವರ ಜಂಗಮ ವಿಷಗಳನ್ನು ಕುರಿತು ಮಂಗರಾಜನು ಖಗೇಂದ್ರಮಣಿದರ್ಪಣವನ್ನು ರಚಿಸಿದ್ದು ಹದಿನಾಲ್ಕನೆಯ ಶತಮಾನದಲ್ಲಿ. ಹೊರಗಿನಿಂದ ಒಳಸೇರಿದ ದ್ರವ್ಯವು ಬುದ್ಧಿಯನ್ನು ಕೆಡಿಸಬಲ್ಲುದೆಂಬ ತಿಳಿವು ಕನ್ನಡನಾಡಿಗೆ ಹೊಸದಲ್ಲ.

ಪಾಶ್ಚಾತ್ಯರು ಈ ಸ್ಥಿತಿಗೆ ಡೆಲಿರಿಯಮ್ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಲೀರಾ ಎಂದರೆ ಉತ್ತ ಹೊಲದ ಸಾಲಿನ ದಿಂಡು. ಅದರಿಂದ ಆಚೆಗೆ ಸರಿಯುವುದು ಡೆಲಿರಿಯಮ್. ಕ್ರಿಸ್ತಶಕದ ಒಂದನೆಯ ಶತಮಾನದ ರೋಮನ್ ಲೇಖಕ ಸೆಲ್ಸಸನು ತನ್ನ ವೈದ್ಯಗ್ರಂಥದಲ್ಲಿ ಈ ಪದವನ್ನು ಬಳಸಿದ್ದಾನೆ. ನೇಗಿಲು ಸಾಲು ತಪ್ಪಿತು ಎಂಬ ಈ ಕಲ್ಪನೆ ಗದ್ದೆಯ ನಾಡಿನವರಿಗೆ ಸುಲಭವಾಗಿ ಹಿಡಿಯುತ್ತದೆ. ಸಾಲು ತಪ್ಪಿದ ನೇಗಿಲನ್ನು ಮತ್ತೆ ಸಾಲಿಗೆ ತರಬಹುದೆಂಬುದೂ ಆ ಮಾತಿನೊಳಗೇ ಅಡಗಿದೆ.

೩

ಇನ್ನು ಈ ಸ್ಥಿತಿಯ ಸ್ವರೂಪ. ೧೯೫೯ರಲ್ಲಿ ಅಮೆರಿಕದ ಎಂಗೆಲ್ ಮತ್ತು ರೊಮಾನೊ ಎಂಬ ವೈದ್ಯರು ಇದನ್ನು ಮಿದುಳಿನ ಅಸಾಮರ್ಥ್ಯವೆಂದು ನಿರೂಪಿಸಿದರು. ಹೃದಯವು ತನ್ನ ಕೆಲಸಕ್ಕೆ ಸಾಲದಾದಾಗ ಹೃದಯದ ವೈಫಲ್ಯವೆನ್ನುವಂತೆ, ಮಿದುಳು ತನ್ನ ಕೆಲಸಕ್ಕೆ ತಾತ್ಕಾಲಿಕವಾಗಿ ಸಾಲದಾದಾಗ ಉಂಟಾಗುವುದು ಸನ್ನಿ ಎಂಬುದು ಅವರ ವಾದದ ಸಾರ. ಶರೀರದ ಬೇರೆಲ್ಲಿಯೋ ಆದ ತೊಂದರೆ ಮಿದುಳಿನಲ್ಲಿ ಕಾಣಿಸಿಕೊಳ್ಳುತ್ತದೆ. ಶ್ವಾಸಕೋಶದ ರೋಗಿ ಕೆಮ್ಮುವ ಬದಲು ತೊದಲಬಹುದು.

೧೯೯೦ರಲ್ಲಿ ಶಾರನ್ ಇನೌಯೆ ಮತ್ತು ಅವರ ಸಂಗಡಿಗರು ಇದನ್ನು ಗುರುತಿಸುವ ಒಂದು ಸರಳ ಕ್ರಮವನ್ನು ಪ್ರಕಟಿಸಿದರು. ಅದರಲ್ಲಿ ನಾಲ್ಕು ಲಕ್ಷಣಗಳಿವೆ. ಮೊದಲನೆಯದು, ಬದಲಾವಣೆಯು ಹಠಾತ್ತಾಗಿ ಆರಂಭವಾಗಿ ದಿನದೊಳಗೇ ಏರಿಳಿಯುವುದು. ಎರಡನೆಯದು, ಗಮನವನ್ನು ಒಂದೆಡೆ ನಿಲ್ಲಿಸಲಾರದಿರುವುದು. ಮೂರನೆಯದು, ಆಲೋಚನೆಯು ಕ್ರಮಗೆಡುವುದು. ನಾಲ್ಕನೆಯದು, ಎಚ್ಚರದ ಮಟ್ಟ ಬದಲಾಗುವುದು. ಮೊದಲಿನ ಎರಡೂ, ಕೊನೆಯ ಎರಡರಲ್ಲಿ ಒಂದೂ ಕಂಡರೆ ಸನ್ನಿಯೆಂದು ತಿಳಿಯತಕ್ಕದ್ದು. ಇಲ್ಲಿ ಮರೆವಿಗೆ ಮೊದಲ ಸ್ಥಾನವಿಲ್ಲದಿರುವುದನ್ನು ಗಮನಿಸಬೇಕು. ಮರೆಗುಳಿತನದ ರೋಗದಲ್ಲಿ ಆರಂಭದಲ್ಲಿ ನೆನಪು ಸೋಲುತ್ತದೆ, ಗಮನವು ಬಹುಕಾಲ ಉಳಿದಿರುತ್ತದೆ. ಸನ್ನಿಯಲ್ಲಿ ಗಮನವೇ ಮೊದಲು ಚದುರುತ್ತದೆ.

ಸನ್ನಿಯೆಂದೊಡನೆ ಕೂಗಾಟ, ಎದ್ದು ಓಡುವುದು, ಇಲ್ಲದವರನ್ನು ಕಂಡು ಮಾತನಾಡುವುದು ಮನಸ್ಸಿಗೆ ಬರುತ್ತವೆ. ಇವು ಒಂದು ಬಗೆ. ಇನ್ನೊಂದು ಬಗೆಯಲ್ಲಿ ರೋಗಿಯು ಮಂಕಾಗಿ, ಊಟ ಬೇಡವೆನ್ನುತ್ತ, ಹಗಲೆಲ್ಲ ತೂಕಡಿಸುತ್ತ ಮಲಗಿರುತ್ತಾನೆ. ಯಾರಿಗೂ ಉಪದ್ರವವಿಲ್ಲದುದರಿಂದ ಇದನ್ನು ಯಾರೂ ಗುರುತಿಸುವುದಿಲ್ಲ. ಅಪ್ಪಯ್ಯ ಈಚೆಗೆ ಬಹಳ ಶಾಂತವಾಗಿದ್ದಾರೆ ಎಂಬ ಮಾತು ಕೇಳಿಬಂದಲ್ಲಿ, ಆ ಶಾಂತಿ ಯಾವ ದಿನ ಆರಂಭವಾಯಿತೆಂದು ವಿಚಾರಿಸುವುದು ಒಳ್ಳೆಯದು.

ಇದು ಅಪರೂಪದ ಸಂಗತಿಯೂ ಅಲ್ಲ. ವೈದ್ಯಕೀಯ ಚಿಕಿತ್ಸೆಗಾಗಿ ಆಸ್ಪತ್ರೆಗೆ ಸೇರುವ ಎಪ್ಪತ್ತು ದಾಟಿದವರಲ್ಲಿ ಸುಮಾರು ಮೂರರಲ್ಲೊಂದು ಪಾಲಿನವರಿಗೆ ಸನ್ನಿಯಿರುತ್ತದೆಂದೂ, ಅವರಲ್ಲಿ ಅರ್ಧದಷ್ಟು ಮಂದಿ ಅದನ್ನು ಹೊತ್ತೇ ಬರುತ್ತಾರೆಂದೂ, ಉಳಿದವರಿಗೆ ಆಸ್ಪತ್ರೆಯಲ್ಲಿ ಬರುತ್ತದೆಂದೂ ಪಾಶ್ಚಾತ್ಯ ದೇಶಗಳ ಅಧ್ಯಯನಗಳಿಂದ ತಿಳಿದಿದೆ. ಮರೆಗುಳಿತನವಿದ್ದವರಿಗೆ ಸನ್ನಿ ಬೇಗ ಬರುತ್ತದೆ. ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ನೂರಕ್ಕೆ ೭.೪ ಮಂದಿಗೆ, ಅಂದರೆ ಸುಮಾರು ೮೮ ಲಕ್ಷ ಜನಕ್ಕೆ, ಮರೆಗುಳಿತನದ ರೋಗವಿರುವುದೆಂದು ೨೦೨೩ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಆದುದರಿಂದ ಮೊದಲೇ ಅರಳುಮರಳಿದ್ದವರು, ಇದೂ ಅದೇ ಎಂಬ ತರ್ಕವು ಎರಡು ಪಾಲು ಅಪಾಯಕರ. ಹಳೆಯ ಮರೆವಿನ ಮೇಲೆ ಹೊಸ ಸನ್ನಿ ಏರಿದಾಗ, ಹಳೆಯದು ಹೊಸದನ್ನು ಮುಚ್ಚಿಬಿಡುತ್ತದೆ.

೪

ಸನ್ನಿಪಾತ ಎಂಬ ಹೆಸರು ದೋಷಸಿದ್ಧಾಂತದಿಂದ ಬಂದುದು. ಇಂದಿನ ವೈದ್ಯದ ಆಧಾರ ಅದಲ್ಲ. ಆದರೂ ಒಟ್ಟಾಗಿ ಬೀಳುವುದು ಎಂಬ ಅದರ ಶಬ್ದಾರ್ಥವು ಇಂದಿನ ತಿಳಿವಳಿಕೆಗೆ ಚೆನ್ನಾಗಿ ಹೊಂದುತ್ತದೆ. ವಯಸ್ಸು, ಮಂದವಾದ ಕಣ್ಣು ಕಿವಿ, ಹಳೆಯ ಮರೆವು, ಮೊದಲೇ ಇದ್ದ ರೋಗಗಳು ನೆಲವನ್ನು ಸಡಿಲಿಸಿರುತ್ತವೆ; ಅದರ ಮೇಲೆ ಸಣ್ಣದೊಂದು ಪೆಟ್ಟು ಬಿದ್ದರೂ ಧರೆ ಕುಸಿಯುತ್ತದೆ. ಗಟ್ಟಿಮುಟ್ಟಾದ ಯುವಕನ ಬುದ್ಧಿ ಕೆಡಬೇಕಾದರೆ ಭಾರಿಯಾದ ಜ್ವರ ಬೇಕು. ಎಂಬತ್ತೈದರ ಮುದುಕಿಗೆ ಎರಡು ದಿನ ಕಟ್ಟಿದ ಮಲವೂ ಬದಲಾದ ಒಂದು ಗುಳಿಗೆಯೂ ಸಾಕು. ಮಳೆ ಹೆಚ್ಚಾದ ವರ್ಷಗಳಲ್ಲಿ ಗುಡ್ಡ ಜರಿಯುವುದನ್ನು ಕಂಡ ಮಲೆನಾಡಿನವರಿಗೆ, ಕೊನೆಯ ಹನಿ ಮಾತ್ರವೇ ಕಾರಣವಲ್ಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಪೆಟ್ಟುಗಳಲ್ಲಿ ಮುಖ್ಯವಾದವನ್ನು ಈ ಸೀಮೆಯ ಜೀವನಕ್ಕೆ ಹೊಂದಿಸಿ ನೋಡಬಹುದು. ಮೂತ್ರದ ಸೋಂಕು, ಶ್ವಾಸಕೋಶದ ಸೋಂಕುಗಳು ವೃದ್ಧರಲ್ಲಿ ಜ್ವರವಿಲ್ಲದೆಯೇ ಬರುವುದುಂಟು. ಮೈ ಬಿಸಿಯಿಲ್ಲವೆಂಬುದು ಸಮಾಧಾನಕ್ಕೆ ಕಾರಣವಾಗಲಾರದು. ರಕ್ತದ ಒತ್ತಡಕ್ಕೆಂದು ಮೂತ್ರ ಹೋಗುವ ಗುಳಿಗೆಯನ್ನು ನುಂಗುತ್ತ, ಉಪ್ಪನ್ನೂ ಬಿಟ್ಟು ಗಂಜಿ ಕುಡಿಯುವವರಿಗೆ ವಾಂತಿಭೇದಿಯೂ ಸೇರಿದರೆ ರಕ್ತದಲ್ಲಿನ ಸೋಡಿಯಮ್ ಇಳಿದು ಬುದ್ಧಿ ಮಂಕಾಗುತ್ತದೆ. ಸಕ್ಕರೆಯ ಕಾಯಿಲೆಗೆ ಗುಳಿಗೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡು ಏಕಾದಶಿಯ ಉಪವಾಸವನ್ನೂ ಬಿಡದವರಲ್ಲಿ ಸಕ್ಕರೆಯ ಅಂಶ ತೀರ ಕೆಳಗಿಳಿದು, ಬೆವರು, ನಡುಕ, ಅಸಂಬದ್ಧ ಮಾತು ಕಾಣಿಸುವುದುಂಟು. ಇದು ನಿಮಿಷಗಳ ಲೆಕ್ಕದ ಅಪಾಯ.

ಮಳೆಗಾಲದಲ್ಲಿ ಅಂಗಳ ಪಾಚಿಗಟ್ಟುತ್ತದೆ. ಜಾರದಿರಲೆಂದು ಅಡಕೆಯ ದಬ್ಬೆಯನ್ನು ಹಾಸುವ ಪದ್ಧತಿಯಿದ್ದರೂ ವೃದ್ಧರು ಬೀಳುವುದು ತಪ್ಪುವುದಿಲ್ಲ. ಬಿದ್ದಾಗ ತಲೆಗೆ ತಗುಲಿದ ಸಣ್ಣ ಪೆಟ್ಟಿನಿಂದ ಮಿದುಳಿನ ಹೊದಿಕೆಯ ಕೆಳಗೆ ರಕ್ತ ಮೆಲ್ಲನೆ ಸೇರುತ್ತ, ವಾರಗಳು ಕಳೆದ ಮೇಲೆ ಬುದ್ಧಿ ಕದಡಬಹುದು. ಅಷ್ಟರಲ್ಲಿ ಬಿದ್ದ ಸಂಗತಿಯೇ ಮರೆತಿರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರಲ್ಲಿ ಈ ಭಯ ಇನ್ನೂ ಹೆಚ್ಚು. ಚಳಿಗೆಂದು ಬಾಗಿಲು ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಕೆಂಡವನ್ನು ಇಟ್ಟು ಮಲಗಿದರೆ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವು ತಲೆನೋವು, ಭ್ರಮೆ, ಕೊನೆಗೆ ಮರಣವನ್ನೂ ತರಬಲ್ಲುದು. ನಿತ್ಯ ಕುಡಿಯುತ್ತಿದ್ದವರು ಯಾವುದೋ ಕಾರಣದಿಂದ ಥಟ್ಟನೆ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ನಡುಕದೊಡನೆ ಘೋರವಾದ ಸನ್ನಿ ಬರುತ್ತದೆ.

ಔಷಧಗಳ ವಿಷಯದಲ್ಲಿ ಉಮ್ಮತ್ತದ ಗಿಡವನ್ನು ಮತ್ತೆ ನೆನೆಯಬೇಕು. ಅದರಲ್ಲಿರುವ ಅಟ್ರೊಪಿನ್ ಮೊದಲಾದ ದ್ರವ್ಯಗಳು ಅಸಿಟೈಲ್‌ಕೋಲೀನ್ ಎಂಬ ಮಿದುಳಿನ ಸಂದೇಶವಾಹಕವನ್ನು ತಡೆಯುತ್ತವೆ. ಗಮನವನ್ನು ನಿಲ್ಲಿಸುವುದರಲ್ಲಿ ಈ ವಾಹಕದ ಪಾತ್ರ ದೊಡ್ಡದು. ನೆಗಡಿಗೂ ತುರಿಕೆಗೂ ಕೊಡುವ ಹಳೆಯ ಕೆಲವು ಗುಳಿಗೆಗಳು, ಹೊಟ್ಟೆಯ ನುಲಿತದ ಕೆಲವು ಔಷಧಗಳು, ಮೂತ್ರ ತಡೆಯಲಾರದವರಿಗೆ ಕೊಡುವ ಕೆಲವು ಮಾತ್ರೆಗಳು ಕಡಮೆ ಪ್ರಮಾಣದಲ್ಲಿಯಾದರೂ ಇದೇ ಕೆಲಸವನ್ನು ಮಾಡುತ್ತವೆ. ನಿದ್ದೆಯ ಗುಳಿಗೆಗಳು ಬೇರೆ ದಾರಿಯಿಂದ ಅದೇ ಕಡೆಗೆ ಒಯ್ಯುತ್ತವೆ. ಪೇಟೆಯ ಔಷಧದಂಗಡಿಯಿಂದ ಕೇಳಿ ತಂದ ಒಂದು ನೆಗಡಿಯ ಗುಳಿಗೆಯು ಇರುಳಿನ ಭ್ರಮೆಗೆ ಕಾರಣವಾಗಿರಬಹುದೆಂಬ ಸಂಶಯವೇ ಮನೆಯವರಿಗೆ ಬರುವುದಿಲ್ಲ.

ಈ ಭಾಗಕ್ಕೆ ವಿಶಿಷ್ಟವಾದ ಇನ್ನೊಂದು ಕಾರಣವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಗುರುತಿಸಲ್ಪಟ್ಟ ವ್ಯಾಧಿಯು ಕ್ಯಾಸನೂರು ಕಾಡಿನ ಕಾಯಿಲೆಯೆಂದೂ, ಜನರ ಬಾಯಲ್ಲಿ ಮಂಗನ ಕಾಯಿಲೆಯೆಂದೂ ಹೆಸರಾಯಿತು. ಕಾಡಿನ ಉಣುಗು ಕಚ್ಚುವುದರಿಂದ ಇದರ ವಿಷಾಣು ಮನುಷ್ಯನಿಗೆ ಹತ್ತುತ್ತದೆ. ಮಳೆಗಾಲ ಕಳೆದು ಒಣಹವೆ ಬಂದ ತಿಂಗಳುಗಳಲ್ಲಿ, ದರಗೆಲೆಗೂ ಸೌದೆಗೂ ಕಾಡಿಗೆ ಹೋಗುವ ಕಾಲದಲ್ಲಿಯೇ, ಇದರ ಹಾವಳಿ ಹೆಚ್ಚು. ೨೦೨೪ರಲ್ಲಿ ಕೊಪ್ಪ, ಶೃಂಗೇರಿಗಳ ಭಾಗದಿಂದಲೂ ಇದರ ಪ್ರಕರಣಗಳು ವರದಿಯಾದುವು. ಹಠಾತ್ತಾದ ಜ್ವರ, ತಲೆನೋವು, ಮೈಕೈಗಳ ಬಲವಾದ ನೋವು, ವಾಂತಿ, ಕೆಲವರಲ್ಲಿ ರಕ್ತಸ್ರಾವ ಇದರ ಲಕ್ಷಣಗಳು. ಬಹುಮಂದಿ ಒಂದೆರಡು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ನೂರರಲ್ಲಿ ಹತ್ತರಿಂದ ಇಪ್ಪತ್ತು ಮಂದಿಗೆ, ಗುಣವಾಯಿತೆಂದು ತಿಳಿದ ಮೇಲೆ, ಮೂರನೆಯ ವಾರದ ಸುಮಾರಿಗೆ ಜ್ವರವು ಮತ್ತೆ ಬಂದು, ತೀವ್ರವಾದ ತಲೆನೋವು, ನಡುಕ, ದೃಷ್ಟಿಯ ತೊಂದರೆ, ಬುದ್ಧಿಯ ಗಲಿಬಿಲಿಗಳು ಕಾಣುತ್ತವೆ. ಜ್ವರ ಬಿಟ್ಟು ಹತ್ತು ದಿನವಾಯಿತು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬ ಲೆಕ್ಕಾಚಾರ ಇಲ್ಲಿ ತಪ್ಪು. ಹಿಂದಿನ ತಿಂಗಳಿನ ಜ್ವರವನ್ನೂ, ತೋಟದ ಬಳಿ ಸತ್ತ ಮಂಗವನ್ನು ಕಂಡುದನ್ನೂ ವೈದ್ಯರಿಗೆ ತಿಳಿಸಲೇಬೇಕು.

೫

ಇಷ್ಟೆಲ್ಲವನ್ನೂ ದೂರದಲ್ಲಿರುವ ಮಕ್ಕಳು ದೂರವಾಣಿಯೊಂದರಿಂದಲೇ ಊಹಿಸಬೇಕಾಗಿರುವುದೇ ಈ ಕಾಲದ ಕಷ್ಟ. ಸನ್ನಿಯು ಏರಿಳಿಯುವ ಸ್ವಭಾವದ್ದು. ಸಾಮಾನ್ಯವಾಗಿ ಸಂಜೆಗೂ ಇರುಳಿಗೂ ಹೆಚ್ಚುತ್ತದೆ, ಬೆಳಗ್ಗೆ ತಿಳಿಯಾಗುತ್ತದೆ. ಮಗಳು ಬೆಳಗ್ಗೆ ಹತ್ತು ಗಂಟೆಗೆ ಮಾತನಾಡಿಸಿದಾಗ ತಾಯಿಯು ಮಳೆಯ ಸುದ್ದಿಯನ್ನೂ ಕೊನೆಕೊಯ್ಲಿನ ಸುದ್ದಿಯನ್ನೂ ಸರಿಯಾಗಿಯೇ ಹೇಳುತ್ತಾರೆ. ಪಕ್ಕದ ಮನೆಯವರು ಮಾತ್ರ, ರಾತ್ರಿ ಅವರು ತಮ್ಮನ್ನೇ ಗುರುತಿಸಲಿಲ್ಲವೆಂದು ಹೇಳುತ್ತಾರೆ. ಮಗಳಿಗೆ ನೆರೆಯವರು ಹಿಗ್ಗಿಸಿ ಹೇಳುತ್ತಿದ್ದಾರೆಂದು ತೋರುತ್ತದೆ. ನೆರೆಯವರಿಗೆ ಮಗಳು ಹೊಣೆ ತಪ್ಪಿಸಿಕೊಳ್ಳುತ್ತಿದ್ದಾಳೆಂದು ತೋರುತ್ತದೆ. ವಾಸ್ತವದಲ್ಲಿ ಇಬ್ಬರು ಹೇಳುವುದೂ ನಿಜ. ಬೆಳಗ್ಗೆ ಸರಿ, ರಾತ್ರಿ ಸರಿಯಿಲ್ಲ ಎಂಬ ಈ ವಿರೋಧವೇ ರೋಗದ ಮೊದಲನೆಯ ಲಕ್ಷಣ. ಸಾಕ್ಷಿಗಳ ಹೇಳಿಕೆಗಳು ಒಂದಕ್ಕೊಂದು ಹೊಂದದಿದ್ದರೆ ಒಂದನ್ನು ತಳ್ಳಿಹಾಕದೆ ಎರಡನ್ನೂ ಕೂಡಿಸಿ ಓದಬೇಕು. ಪಾಠಾಂತರಗಳನ್ನು ನೋಡಿ ಬಲ್ಲ ವಿದ್ವಾಂಸರಿಗೆ ಈ ವಿಧಾನ ಅಪರಿಚಿತವಲ್ಲ.

ಇದರ ಜೊತೆಗೆ, ವಾಡಿಕೆಯ ಸಂಭಾಷಣೆಯು ಮಿದುಳಿನ ದೋಷವನ್ನು ಮುಚ್ಚುತ್ತದೆ. ಊಟವಾಯಿತೇ, ಮಳೆ ಹೇಗಿದೆ, ಮಕ್ಕಳು ಹೇಗಿದ್ದಾರೆ ಎಂಬ ಪ್ರಶ್ನೆಗಳಿಗೆ ಉತ್ತರಗಳು ಅರ್ಧ ಶತಮಾನದ ಅಭ್ಯಾಸದಿಂದ ಬಾಯಲ್ಲಿ ಸಿದ್ಧವಾಗಿರುತ್ತವೆ. ಗಮನವನ್ನು ಅಳೆಯಬೇಕಾದರೆ ಅಭ್ಯಾಸವಿಲ್ಲದ ಕೆಲಸವನ್ನು ಕೊಡಬೇಕು. ಪಾಶ್ಚಾತ್ಯರು ಡಿಸೆಂಬರಿನಿಂದ ಹಿಂದಕ್ಕೆ ತಿಂಗಳುಗಳನ್ನು ಹೇಳಿಸುತ್ತಾರೆ. ಚಾಂದ್ರಮಾನದಲ್ಲಿ ಬಾಳಿದ ಹಿರಿಯರಿಗೆ ಫಾಲ್ಗುಣದಿಂದ ಚೈತ್ರದವರೆಗೆ, ಅಥವಾ ಶನಿವಾರದಿಂದ ಭಾನುವಾರದವರೆಗೆ ಹಿಂದಕ್ಕೆ ಹೇಳುವುದು ಸಹಜ. ಇಂದಿನ ತಾರೀಖನ್ನು ಹೇಳಲಾರದವರು ತಿಥಿಯನ್ನು ತಪ್ಪಿಲ್ಲದೆ ಹೇಳಬಹುದು. ಪರೀಕ್ಷೆಯು ವ್ಯಕ್ತಿಯ ಲೋಕದಿಂದ ಹುಟ್ಟಬೇಕೆಂಬುದನ್ನು ಭಾರತದ ಸಂಶೋಧಕರು ಬಹಳ ಹಿಂದೆಯೇ ಕಂಡುಕೊಂಡರು. ಹರಿಯಾಣದ ಬಲ್ಲಭಗಢದಲ್ಲಿ ಓದುಬರಹವಿಲ್ಲದ ವೃದ್ಧರಿಗಾಗಿ ರೂಪಿಸಿದ ಹಿಂದೀ ಮನಃಪರೀಕ್ಷೆ ೧೯೯೫ರಲ್ಲಿ ಪ್ರಕಟವಾಯಿತು. ಹಿಂದಿನ ವಾರ ವಾರಗಳನ್ನು ಸರಾಗವಾಗಿ ಹಿಂದಕ್ಕೆ ಹೇಳಿದವರು ಈ ವಾರ ಗುರುವಾರದ ಬಳಿ ದಾರಿತಪ್ಪಿ ಬೇರೆ ಮಾತಿಗೆ ಹೊರಳಿದರೆ, ಅದು ಎಚ್ಚರಿಕೆಯ ಗಂಟೆ. ಅವರನ್ನು ಅವರ ಹಿಂದಿನ ಸ್ಥಿತಿಯೊಡನೆಯೇ ಹೋಲಿಸಬೇಕು.

ಆದುದರಿಂದ ದೂರದವರು ನೆರೆಯವರನ್ನು ಕೇಳತಕ್ಕ ಮೊದಲನೆಯ ಪ್ರಶ್ನೆ, ಏನಾಯಿತು ಎಂಬುದಕ್ಕಿಂತಲೂ, ಎಂದಿನಿಂದ ಎಂಬುದು. ಅನಂತರ, ದಿನದಲ್ಲಿ ಯಾವ ಹೊತ್ತು ಹೆಚ್ಚು, ನಿದ್ದೆ ಹಗಲೋ ಇರುಳೋ, ಮೂತ್ರ, ಮಲ ಸರಿಯಾಗಿ ಹೋಗುತ್ತಿವೆಯೇ, ಎರಡು ದಿನಗಳಿಂದ ಏನು ತಿಂದರು, ಏನು ಕುಡಿದರು, ಎಲ್ಲಾದರೂ ಬಿದ್ದರೇ, ಯಾವ ಗುಳಿಗೆ ಹೊಸದಾಗಿ ಬಂತು, ಯಾವುದು ನಿಂತಿತು, ಕನ್ನಡಕವೂ ಕಿವಿಯ ಯಂತ್ರವೂ ಮೈಮೇಲಿವೆಯೇ ಎಂಬಿವು. ಈ ಉತ್ತರಗಳು ವೈದ್ಯರಿಗೆ ಎಷ್ಟೋ ಪರೀಕ್ಷೆಗಳ ಕೆಲಸವನ್ನು ಹಗುರಮಾಡುತ್ತವೆ.

೬

ಕೆಲವು ಲಕ್ಷಣಗಳಿಗೆ ಪ್ರಶ್ನೆಗಳ ಕಾಲವೂ ಇಲ್ಲ. ಮುಖ ಒಂದು ಕಡೆಗೆ ವಾಲುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು ಅಥವಾ ಅರ್ಥವಿಲ್ಲದ ಪದಗಳಾಗುವುದು ಲಕ್ವದ ಚಿಹ್ನೆಗಳು. ನುಡಿಯ ಕೇಂದ್ರಕ್ಕೆ ಪೆಟ್ಟಾದಾಗ ಬರುವ ಅಸಂಬದ್ಧ ಮಾತನ್ನು ಬುದ್ಧಿಭ್ರಮೆಯೆಂದು ತಪ್ಪಾಗಿ ತಿಳಿಯುವುದುಂಟು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಒಳಗೆ ಕೊಡಬೇಕು. ಒಂಟಿಮನೆಯಿಂದ ಶಿವಮೊಗ್ಗಕ್ಕೋ ಆಗುಂಬೆಯ ಘಟ್ಟವಿಳಿದು ಮಣಿಪಾಲಕ್ಕೋ ಹೋಗಬೇಕಾದವರಿಗೆ ಈ ಅವಧಿ ಬಹು ಚಿಕ್ಕದು. ಎಬ್ಬಿಸಿದರೂ ಏಳದ ನಿದ್ದೆ, ಸೆಳವು, ಉಸಿರಾಟದ ಕಷ್ಟ, ತಲೆಗೆ ಪೆಟ್ಟು ಇವುಗಳಲ್ಲಿಯೂ ೨೦೦೮ರಿಂದ ರಾಜ್ಯದಲ್ಲಿರುವ ೧೦೮ರ ಆಂಬುಲೆನ್ಸನ್ನು ಕರೆಯುವುದೇ ಮೊದಲ ಕೆಲಸ. ಸಕ್ಕರೆ ಕಾಯಿಲೆಯವರು ಎಚ್ಚರವಾಗಿದ್ದು ನುಂಗಬಲ್ಲವರಾದರೆ, ಅಳೆಯುವ ಯಂತ್ರ ಹತ್ತಿರವಿಲ್ಲದಾಗ ಸಕ್ಕರೆಯ ನೀರನ್ನು ಕೊಡಬಹುದು. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕತಕ್ಕದ್ದಲ್ಲ.

ಗಲಾಟೆ ಮಾಡುತ್ತಾರೆಂದು ನಿದ್ದೆಯ ಗುಳಿಗೆ ಕೊಟ್ಟು ಮಲಗಿಸುವುದು, ಕಟ್ಟಿಹಾಕುವುದು, ಅವರು ಕಂಡ ಕಾಣ್ಕೆಯನ್ನು ಸುಳ್ಳೆಂದು ವಾದಿಸುವುದು ಸ್ಥಿತಿಯನ್ನು ಕೆಡಿಸುತ್ತವೆ. ಪರಿಚಿತವಾದ ಧ್ವನಿ, ಇರುಳಿನಲ್ಲಿ ಮಂದವಾದ ದೀಪ, ಕಣ್ಣಿಗೆ ಕಾಣುವ ಗಡಿಯಾರ, ಬೇಕಾದಷ್ಟು ನೀರು, ಹಗಲಿನಲ್ಲಿ ತುಸು ಓಡಾಟ ಇವು ಸುಧಾರಿಸುತ್ತವೆ. ಇವು ಅಜ್ಜಿಯ ಮದ್ದುಗಳೆಂದು ತಾತ್ಸಾರ ಮಾಡತಕ್ಕವಲ್ಲ. ೧೯೯೯ರಲ್ಲಿ ಇನೌಯೆಯವರು ಆಸ್ಪತ್ರೆಯ ೮೫೨ ಮಂದಿ ವೃದ್ಧರಲ್ಲಿ ನಡೆಸಿದ ಅಧ್ಯಯನದಲ್ಲಿ, ಇಂತಹ ಸರಳ ಉಪಚಾರ ದೊರೆತವರಲ್ಲಿ ನೂರಕ್ಕೆ ೯.೯ ಮಂದಿಗೂ, ದೊರೆಯದವರಲ್ಲಿ ನೂರಕ್ಕೆ ೧೫ ಮಂದಿಗೂ ಸನ್ನಿ ಬಂದಿತು. ಮನೆಯವರೊಬ್ಬರು ಹಾಸಿಗೆಯ ಬಳಿ ಕುಳಿತು ಮಾತನಾಡುತ್ತಿರುವ ನಮ್ಮ ಆಸ್ಪತ್ರೆಗಳ ವಾಡಿಕೆಗೆ ಇದರಲ್ಲಿ ಸಮರ್ಥನೆಯಿದೆ.

ಮಕ್ಕಳು ಗಾಬರಿಯಿಂದ ಬಂದು, ಕಾರಣವನ್ನು ಹುಡುಕಿಸುವ ಮೊದಲೇ ವೃದ್ಧರನ್ನು ಬೆಂಗಳೂರಿನ ಮನೆಗೆ ಸಾಗಿಸುವುದೂ ವಿಚಾರಣೀಯ. ಮೂವತ್ತು ಮೆಟ್ಟಿಲುಗಳ ಮೇಲಿನ ಹೊಸ ಕೋಣೆಯಲ್ಲಿ ಬಚ್ಚಲು ಎಲ್ಲಿದೆಯೆಂದು ತಿಳಿಯದ ಬುದ್ಧಿಯು ಇನ್ನಷ್ಟು ಕದಡುತ್ತದೆ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಸಕ್ಕರೆ, ರಕ್ತ, ಮೂತ್ರಗಳ ಪರೀಕ್ಷೆಗಳನ್ನು ಮೊದಲು ಮಾಡಿಸುವುದು ಉತ್ತಮ. ನೆರೆಯವರ ಸಂಖ್ಯೆ, ಆಶಾ ಕಾರ್ಯಕರ್ತೆಯ ಸಂಖ್ಯೆ, ಬಾಡಿಗೆ ಜೀಪಿನವರ ಸಂಖ್ಯೆ, ತೆಗೆದುಕೊಳ್ಳುವ ಗುಳಿಗೆಗಳ ಪಟ್ಟಿ ಮಳೆಗಾಲಕ್ಕೆ ಮುನ್ನವೇ ಗೋಡೆಯ ಪಂಚಾಂಗದ ಬಳಿ ಇರಬೇಕು. ದಾರಿ ತೋರದ ವೃದ್ಧರಿಗೂ ಅವರ ಮಕ್ಕಳಿಗೂ ೧೪೫೬೭ ಎಂಬ ಸಂಖ್ಯೆಯ ರಾಷ್ಟ್ರೀಯ ಹಿರಿಯರ ಸಹಾಯವಾಣಿಯಿದೆ.

ಕಾರಣ ದೊರೆತು ಚಿಕಿತ್ಸೆಯಾದ ಮೇಲೂ ಬುದ್ಧಿ ತಿಳಿಯಾಗಲು ದಿನಗಳು, ಕೆಲವೊಮ್ಮೆ ವಾರಗಳು ಹಿಡಿಯುತ್ತವೆ. ಎಲ್ಲರೂ ಪೂರ್ತಿಯಾಗಿ ಮೊದಲಿನಂತಾಗುವುದಿಲ್ಲ. ಸನ್ನಿ ಬಂದವರಲ್ಲಿ ಮುಂದೆ ಮರೆಗುಳಿತನ ಬರುವ ಸಂಭವವೂ ಹೆಚ್ಚು. ಆದರೂ ಒಂದು ವಾರದ ಸನ್ನಿಯನ್ನು ನೋಡಿ ಇವರ ಬುದ್ಧಿ ಇನ್ನು ಮುಗಿಯಿತೆಂದು ತೀರ್ಮಾನಿಸಿ, ಬೀಗದ ಕೈಯನ್ನೂ ತೋಟದ ವಿಚಾರಣೆಯನ್ನೂ ಅವರಿಂದ ಕಸಿದುಕೊಳ್ಳುವುದು ಅನ್ಯಾಯ. ಅನೇಕರಿಗೆ ಆ ದಿನಗಳು ತುಂಡು ತುಂಡಾಗಿ ನೆನಪಿರುತ್ತವೆ. ತಮ್ಮನ್ನು ಮನೆಯವರು ಹುಚ್ಚರೆಂದು ಎಣಿಸಿದರೆಂಬ ನಾಚಿಕೆಯೂ ಉಳಿಯುತ್ತದೆ. ಅದು ರೋಗವಾಗಿತ್ತು, ಅದಕ್ಕೆ ಇಂಥ ಕಾರಣವಿತ್ತು, ಅದು ಕಳೆಯಿತು ಎಂದು ಅವರಿಗೆ ಬಿಡಿಸಿ ಹೇಳುವುದು ಚಿಕಿತ್ಸೆಯ ಕೊನೆಯ ಅಂಗ.

ಸನ್ನಿಯೆಂಬ ಮಾತು ಈಚೆಗೆ ಬೈಗುಳದಲ್ಲಿಯೋ ಹಳೆಯ ಕಥೆಗಳಲ್ಲಿಯೋ ಮಾತ್ರ ಉಳಿದಂತೆ ತೋರುತ್ತದೆ. ಅದು ಬಿಟ್ಟ ಎಡೆಯನ್ನು ಅರಳುಮರಳು ಆಕ್ರಮಿಸಿದೆ. ಒಂದು ಭಾಷೆಯಲ್ಲಿ ಎರಡು ವಸ್ತುಗಳಿಗಿದ್ದ ಎರಡು ಹೆಸರುಗಳು ಒಂದಾದಾಗ, ಆ ಭಾಷೆಯನ್ನಾಡುವವರು ಎರಡು ವಸ್ತುಗಳನ್ನು ಕಾಣುವುದನ್ನೂ ಮೆಲ್ಲನೆ ಬಿಡುತ್ತಾರೆ. ತರಗತಿಯಲ್ಲಿ ಈ ಗಾದೆಯನ್ನು ವಿವರಿಸುವ ಅಧ್ಯಾಪಕರು ಅದರ ಮಗ್ಗುಲಲ್ಲಿ ಸನ್ನಿ ಎಂಬ ಮಾತನ್ನೂ ಇಟ್ಟು, ಒಂದು ವರ್ಷಗಳಿಂದ ಬರುವುದು, ಇನ್ನೊಂದು ನಿನ್ನೆಯಿಂದ ಬಂದುದು ಎಂಬಿಷ್ಟನ್ನು ಹೇಳಿದರೂ ಸಾಕು. ಆ ತರಗತಿಯ ಹುಡುಗ ಹುಡುಗಿಯರು ಮುಂದೆ ದೂರದೂರುಗಳಿಗೆ ಹೋಗುತ್ತಾರೆ. ಒಂದು ರಾತ್ರಿ ಊರಿನಿಂದ ಕರೆ ಬಂದಾಗ, ಎಂದಿನಿಂದ ಎಂದು ಕೇಳುವುದು ಅವರಿಗೆ ನೆನಪಿರುತ್ತದೆ.